ಗೇಜಪ್ಪ ವಾಪಸ್ ತೆಗೆದ ಅಪ್‌ಡೇಟ್

ಆ ಗುರುವಾರ ಮುಂಜಾನೆ ಶಹಾಪುರದ ಹಳೆ ಬಸ್ ನಿಲ್ದಾಣದ ಎದುರಿಗಿರುವ ನನ್ನ ಝೆರಾಕ್ಸ್ ಅಂಗಡಿಯಲ್ಲಿ ಮೂವರಿದ್ದೆವು. ಯಂತ್ರದ ಹಿಂದೆ ನಾನು. ಪಹಣಿ ತೆಗೆಸಲು ಕೆಂಭಾವಿ ಕಡೆಯಿಂದ ಬಂದು ಬೆಂಚಿನ ಮೇಲೆ ಕಾಲು ಮಡಚಿ ಕೂತಿದ್ದ ಮಲ್ಲಪ್ಪ. ಕುರ್ಚಿ ಖಾಲಿ ಇದ್ದರೂ ಕೂಡದೆ, ಗೋಡೆ ಹತ್ತಿರವಿದ್ದರೂ ಒರಗದೆ, ಬಾಗಿಲ ಪಕ್ಕ ನೆಟ್ಟಗೆ ನಿಂತಿದ್ದ ಗೇಜಪ್ಪ. ಅವರು ಕೂತದ್ದನ್ನು ನಾನು ಕಂಡದ್ದು ಬಹಳ ಕಡಿಮೆ. "ಕೂಡ್ರಿ ಕಾಕಾ" ಅಂದರೆ, "ಕುಂತು ನೋಡಿದ್ರ ನೀರು ಸುಳ್ಳು ಕಾಣ್ತೈತಿ ತಂಗಿ" ಅನ್ನುತ್ತಿದ್ದರು. ನನ್ನ ಅಂಗಡಿಯಲ್ಲಿ ನೋಡಲು ನೀರು ಎಲ್ಲಿಂದ ಬರಬೇಕು?

ಅಷ್ಟರಲ್ಲಿ ಅವರ ಅಂಗಿಯ ಕಿಸೆಯಲ್ಲಿ ಫೋನ್ ಬಾರಿಸಿತು. ಗೇಜಪ್ಪನವರ ಮುಖ ಹೇಗೆ ಅರಳಿತೆಂದರೆ, ಮಲ್ಲಪ್ಪ ನನ್ನ ಕಡೆ ನೋಡಿ ನಕ್ಕ. ಕಿವಿ ಸ್ವಲ್ಪ ಮಂದವಾದ್ದರಿಂದ ಅವರು ಯಾವಾಗಲೂ ಫೋನಿನ ದನಿ ಜೋರು ಇಟ್ಟು ಮಾತಾಡುವವರು. ಹೀಗಾಗಿ ಆ ಕಡೆಯವರ ಮಾತು ನಮಗೂ ಕೇಳಿಸಿತು.

"ಗೇಜಪ್ಪಣ್ಣ, ನಾ ನಿಂಗಮ್ಮ ರೀ, ಕಾಲುವಿ ಕಡೀ ಟೇಲೆಂಡಿನಾಕಿ. ನನ್ನ ನೀರಿನ ಪಾಳಿ ಇವತ್ತು ರಾತ್ರಿ ಮೂರಕ್ಕ ಹೌದಿಲ್ಲೋ? ಕಾಲುವಿ ನೀರು ಬಿಡೋ ಸೌಡಿ ಬಂದು, 'ನಿಂದು ಹೋದ ರಾತ್ರಿನೇ ಮುಗೀತು, ನೀರೆಲ್ಲಾ ಹಳ್ಳಕ್ಕ ಹೋತು' ಅನ್ನಾಕತ್ಯಾನ. ಯಾರ ಮಾತು ಖರೆ?"

"ನಿನ್ನಿ ಸಂಜಿಕಿ ಆ್ಯಪ್ ನೋಡಿದ್ದಿಲ್ಲೇನವ್ವಾ?"

"ನೋಡೀನಲ್ರಿ. ನನ್ನ ಹೆಸರೇ ಇರಲಿಲ್ಲ. ಮಕ್ಕೊಂಡೆ. ಮುಂಜಾನಿ ಎದ್ದು ನೋಡಿದ್ರ ಹೆಸರು ಬಂದೈತಿ, ಮೂರು ಗಂಟಿಗಿ ಅಂತ."

ಗೇಜಪ್ಪ ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿದರು. ಫೋನಿನಿಂದ ಮತ್ತೆ "ಹಲೋ, ಹಲೋ, ಇದ್ದೀರೇನ್ರಿ?" ಅಂತ ದನಿ ಬಂತು. "ಇದ್ದೀನಿ" ಅಂದರು. ಆಮೇಲೆ, "ತಪ್ಪು ನಂದೈತಿ ನಿಂಗಮ್ಮಾ. ಹೊಲಕ್ಕ ಬರ್ತೀನಿ" ಅಂದು ಇಟ್ಟರು.

ಈ ತಪ್ಪು ತಿಳಿಯಬೇಕಾದರೆ ಮನುಷ್ಯ ಎಂಥವರು ಅನ್ನುವುದನ್ನು ಮೊದಲು ಹೇಳಬೇಕು.

ಅವರ ನಿಜ ಹೆಸರು ಹಣಮಂತಪ್ಪ. ನಾರಾಯಣಪುರದ ಆಣೆಕಟ್ಟಿನಿಂದ ನಮ್ಮ ಕಡೆ ಬರುವ ಕಾಲುವೆಯ ಮೇಲೆ ನೌಕರಿಯ ಪೂರ್ತಿ ಕಾಲ ನೀರಿನ ಮಟ್ಟ ಓದಿದವರು. ಕಾಲುವೆಯ ಗೋಡೆಗೆ ಅಂಕಿ ಬರೆದ ಒಂದು ಪಟ್ಟಿ ಇರುತ್ತದೆ, ಅದಕ್ಕೆ ಗೇಜ್ ಅಂತ ಹೆಸರು. ಅದರ ಮುಂದೆ ನಿಂತು, ಕಣ್ಣು ಕಿರಿದು ಮಾಡಿ, ನೀರು ಯಾವ ಗೆರೆಗಿದೆ ಎಂದು ಬರೆಯುವುದು ಅವರ ಕೆಲಸ. ಜನ ಹಣಮಂತಪ್ಪನನ್ನು ಮರೆತು ಗೇಜಪ್ಪನನ್ನು ಉಳಿಸಿಕೊಂಡರು. ನೌಕರಿ ಮುಗಿದ ಮೇಲೂ ಕಣ್ಣಿನ ಚಟ ಹೋಗಲಿಲ್ಲ. ಚಹಾ ತಂದುಕೊಟ್ಟರೆ ಗ್ಲಾಸನ್ನು ಮುಖದ ಮಟ್ಟಕ್ಕೆ ಎತ್ತಿ ಹಿಡಿದು, "ನಿನ್ನಿಗಿಂತ ಎರಡು ಗೆರಿ ಇಳದೈತಿ" ಅನ್ನುವರು. ಖಾನಾವಳಿಯಲ್ಲಿ ಅವರನ್ನು ಕಂಡರೆ ಬಡಿಸುವವರು, "ಗೇಜಪ್ಪ ಬಂದಾನ, ಬಟ್ಲ ತುಂಬ ಹಾಕ್ರೆಪಾ, ಇಲ್ಲಂದ್ರ ರಿಪೋರ್ಟ್ ಬರೀತಾನ" ಎಂದು ಚೇಷ್ಟೆ ಮಾಡುವರು. ಅವರೂ ನಗುವರು, ಆದರೆ ಬಟ್ಟಲು ನೋಡುವುದು ಬಿಡುತ್ತಿರಲಿಲ್ಲ.

ಹೆಂಡತಿ ಶಾಂತಮ್ಮ ನಾರಾಯಣಪುರದ ಕ್ವಾರ್ಟರ್ಸಿನಲ್ಲೇ ತೀರಿಕೊಂಡಿದ್ದರು. ಮಕ್ಕಳಿಲ್ಲ. ನಿವೃತ್ತಿಯಾಗಿ ಕ್ವಾರ್ಟರ್ಸ್ ಬಿಡುವಾಗ ಎರಡು ಟ್ರಂಕು, ಒಂದು ಕಂದೀಲು ತಗೊಂಡು ಬಂದು ನನ್ನ ಅಂಗಡಿಯ ಹಿಂದಿನ ಓಣಿಯಲ್ಲಿ ಒಂದು ಕೋಣೆ ಹಿಡಿದರು. "ಶಹಾಪುರನೇ ಯಾಕ ಕಾಕಾ?" ಅಂತ ಕೇಳಿದ್ದೆ. "ಇಲ್ಲಿಂದ ಎಲ್ಲಾ ಕಡಿಗಿ ಬಸ್ ಅದಾವ ನೋಡು" ಅಂದಿದ್ದರು. ಸುರಪುರ, ಯಾದಗಿರಿ, ಕೆಂಭಾವಿ, ಎಲ್ಲ ಬಸ್ಸುಗಳೂ ನಮ್ಮ ಕಣ್ಣೆದುರೇ ಹೊರಡುತ್ತಿದ್ದವು. ಅವರು ಯಾವುದನ್ನೂ ಹತ್ತುತ್ತಿರಲಿಲ್ಲ.

ಆದರೆ ಆಗ ಅವರಿಗೆ ಫೋನ್ ಇತ್ತು. ಕಾಲುವೆಗೆ ನೀರು ಬಿಟ್ಟ ದಿನಗಳಲ್ಲಿ ಅದು ಬಿಡುವಿಲ್ಲದೆ ಬಾರಿಸುತ್ತಿತ್ತು. ರೈತರ ಸಂಘದವರು ಗೊತ್ತು ಮಾಡಿದ ಪಾಳಿಪಟ್ಟಿಯ ನಕಲು ಇವರ ಹತ್ತಿರ ಇರುತ್ತಿತ್ತು, ಯಾರ ಹೊಲಕ್ಕೆ ಎಷ್ಟೊತ್ತಿಗೆ ನೀರು ಮುಟ್ಟುತ್ತದೆ ಎಂಬ ಲೆಕ್ಕ ಇವರ ತಲೆಯಲ್ಲಿ ಇರುತ್ತಿತ್ತು. "ಗೇಜಪ್ಪಣ್ಣ, ನಮ್ಮ ಪಾಳಿ ಯಾವಾಗ್ರಿ?" ಅಂತ ಶುರುವಾದ ಮಾತು ಎಮ್ಮೆ ಈದದ್ದು, ಮಗಳಿಗೆ ವರ ಬಂದದ್ದು, ಮಾವನ ಮಂಡಿನೋವು ಎಲ್ಲ ಸುತ್ತಿ ಬರುತ್ತಿತ್ತು. ಅರ್ಧ ತಾಸು ನಿಂತೇ ಮಾತಾಡುವರು. ಕೇಳಿದವರಿಗೆಲ್ಲ ಹೇಳಬೇಕು, ಕಂಡಷ್ಟೇ ಹೇಳಬೇಕು. ಇದು ಅವರು ನೌಕರಿಯಿಂದ ಕಟ್ಟಿಕೊಂಡು ಬಂದ ಒಂದೇ ಗಂಟು.

ಜನಕ್ಕೆ ಇನ್ನೂ ಸಲೀಸಾಗಲಿ ಅಂತ ಅವರೇ ಒಂದು ಆ್ಯಪ್ ಮಾಡಿದರು. ಅರವತ್ತು ದಾಟಿದ ಮೇಲೆ, ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ನನ್ನ ಕಂಪ್ಯೂಟರಿನ ಮುಂದೆ ನಿಂತು, ವಿಡಿಯೋ ನೋಡಿ ಕಲಿತರು. ಎಲ್ಲೋ ಒಂದು ಚುಕ್ಕೆ ಬಿಟ್ಟದ್ದಕ್ಕೆ ಮೂರು ದಿನ ಹುಡುಕಿ, ಸಿಕ್ಕಾಗ ಕಳೆದ ಕುರಿಮರಿ ಸಿಕ್ಕವರ ಹಾಗೆ ಕೂಗಿದ್ದರು. ಆ್ಯಪ್ ಹೆಸರು 'ಪಾಳಿ'. ತೆರೆದರೆ ಇವತ್ತಿನ ಪುಟ. ಯಾವ ತೂಬಿಗೆ, ಯಾರಿಗೆ, ಎಷ್ಟು ಗಂಟೆಗೆ. ಅಷ್ಟೇ. ಓದು ಬಾರದವರು ಕೂಡ ತಮ್ಮ ಹೆಸರು, ಅಂಕಿ ಗುರುತಿಸಿಕೊಂಡು ನಡೆಸಿದರು.

ಅದು ಚೆನ್ನಾಗಿತ್ತು. ಎಷ್ಟು ಚೆನ್ನಾಗಿತ್ತೆಂದರೆ ಫೋನ್ ಮಾಡುವ ಅಗತ್ಯವೇ ಯಾರಿಗೂ ಉಳಿಯಲಿಲ್ಲ.

ಆ ಹಂಗಾಮಿನಲ್ಲಿ ಒಂದು ದಿನ ಗೇಜಪ್ಪ ಅಂಗಡಿಗೆ ಬಂದು, "ತಂಗಿ, ನನ್ನ ಫೋನಿಗೊಮ್ಮಿ ಹಚ್ಚಿ ನೋಡು, ಕೆಟ್ಟೈತೇನು" ಅಂದರು. ಹಚ್ಚಿದೆ. ಕಿಸೆಯಲ್ಲಿ ಬಾರಿಸಿತು. ತೆಗೆದು ನೋಡಿದರು. ನನ್ನೆದುರು ಎರಡು ಮಾರು ದೂರದಲ್ಲಿ ನಿಂತವರು ಫೋನನ್ನು ಕಿವಿಗೆ ಹಚ್ಚಿ "ಹಲೋ, ಯಾರ್ರೀ?" ಅಂದರು. ನಾನೂ ನಕ್ಕು, "ನಾ ರೀ ಕಾಕಾ, ಝೆರಾಕ್ಸ್ ಅಂಗಡಿಯಿಂದ" ಅಂದೆ. "ಆರಾಮ ಇದ್ದೀ ಇಲ್ಲೋ?" ಅಂದರು. ನಗು ಅಲ್ಲೇ ನಿಂತಿತು ನನಗೆ. ಆರಾಮ ಇದ್ದೇನೆ ಅಂದೆ. "ಹ್ಞಾಂ, ಬರೋಬ್ಬರಿ ಐತಿ ಫೋನು" ಎಂದು ಕಿಸೆಗೆ ಹಾಕಿಕೊಂಡು ಹೋದರು.

ಇನ್ನು ಆ ತಪ್ಪು.

ನಮ್ಮ ಕಡೆ ಹೊಲದವರಿಗೆ ದಿನ ಶುರುವಾಗುವುದು ಸೂರ್ಯ ಹುಟ್ಟಿದ ಮೇಲೆ. ನಟ್ಟಿರುಳಲ್ಲಿ ದಿನ ಬದಲಾಗುತ್ತದೆ ಅನ್ನುವುದು ಗಡಿಯಾರದ ಮಾತು. ನನ್ನ ಅಜ್ಜಿ ಬೆಳಗಿನ ಜಾವದ ಮೂರು ಗಂಟೆಯನ್ನು "ಬುಧವಾರ ರಾತ್ರಿ, ಬೆಳಗಾದ್ರ ಗುರುವಾರ" ಅನ್ನುತ್ತಿದ್ದಳು. ಕಾಲುವೆಯ ಮೇಲಿನ ರಿಜಿಸ್ಟರೂ ಹಾಗೇ, ಸೂರ್ಯ ಹುಟ್ಟಿದಾಗ ಒಂದು ಪುಟ ಮುಗಿದು ಇನ್ನೊಂದು ತೆರೆಯುತ್ತದೆ. ಗೇಜಪ್ಪ ತಮ್ಮ ಆ್ಯಪನ್ನೂ ಹಾಗೇ ಕಟ್ಟಿದ್ದರು. ಬುಧವಾರದ ಪುಟದಲ್ಲಿ ಬುಧವಾರ ಹಗಲಿನ ಪಾಳಿ, ಅದರ ಕೆಳಗೆ ಆ ರಾತ್ರಿಯ ಪಾಳಿಗಳು ಬೆಳಗಿನ ಜಾವದವರೆಗೂ. ಸಂಜೆ ಒಮ್ಮೆ ನೋಡಿದರೆ ಸಾಕು, ರಾತ್ರಿ ಏಳಬೇಕೋ ಮಲಗಬೇಕೋ ತಿಳಿಯುತ್ತಿತ್ತು.

ಆ ವಾರದ ಮೊದಲಲ್ಲಿ ಆ್ಯಪ್ ಸ್ಟೋರಿನಲ್ಲಿ ಯಾರೋ ಒಬ್ಬರು ಐದರಲ್ಲಿ ಒಂದೇ ಚುಕ್ಕಿ ಕೊಟ್ಟು ಎರಡು ಸಾಲು ಬರೆದರು. ಯಾದಗಿರಿಯವರಂತೆ. 'ಹನ್ನೆರಡು ಗಂಟೆಗೆ ತಾರೀಖು ಬದಲಾಗಬೇಕು. ಇದರಲ್ಲಿ ಆಗುತ್ತಿಲ್ಲ. ಸರಿಪಡಿಸಿ.' ಅಷ್ಟೇ. ಗೇಜಪ್ಪ ಓಡಿ ಬಂದರು.

"ಯಾರೋ ಬರ್ದಾರ ತಂಗಿ!"

"ಒಂದೇ ಚುಕ್ಕಿ ಕೊಟ್ಟಾರ ಕಾಕಾ."

"ಕೊಡಲಿ. ಕುಂತು ನೋಡ್ಯಾರ, ಬರ್ದಾರ. ಅವರಿಗಿ ಜವಾಬ್ ಕೊಡಬೇಕು."

ಕೊಟ್ಟರು, ಎಂಟು ಸಾಲಿನ ಜವಾಬು. ನಿಮ್ಮ ಹೊಲ ಎಲ್ಲಿ, ಯಾವ ತೂಬು, ಆರಾಮ ಇದ್ದೀರಾ ಅಂತೆಲ್ಲ. ಎರಡು ದಿನ ನನ್ನ ಕಂಪ್ಯೂಟರಿನ ಮುಂದೆ ನಿಂತು, ಪುಟಗಳು ನಟ್ಟಿರುಳಿಗೆ ಮಗುಚುವ ಹಾಗೆ ತಿದ್ದಿ, ಬುಧವಾರ ಮುಂಜಾನೆ ಅಪ್‌ಡೇಟ್ ಹಾಕಿದರು. ಯಾವತ್ತೂ ನನ್ನ ಫೋನಿನಲ್ಲಿ ನಾಲ್ಕು ದಿನ ಇಟ್ಟು ನೋಡದೆ ಹಾಕಿದವರಲ್ಲ. ಈ ಸಲ ಯಾರೋ ಕಾಯುತ್ತಿದ್ದಾರೆಂಬ ಅವಸರ. ಗಡಿಯಾರದ ಲೆಕ್ಕಕ್ಕೆ ಅದು ಸರಿಯಾಗಿಯೇ ಇತ್ತು. ಬುಧವಾರ ರಾತ್ರಿ ಮೂರಕ್ಕಿದ್ದ ನಿಂಗಮ್ಮನ ಹೆಸರು ಗುರುವಾರದ ಪುಟಕ್ಕೆ ಹೋಗಿ ಕೂತಿತು. ಅವಳು ಬುಧವಾರ ಸಂಜೆ ತನ್ನ ರೂಢಿಯಂತೆ ಅವತ್ತಿನ ಪುಟ ನೋಡಿ, ಹೆಸರಿಲ್ಲವೆಂದು ಮಲಗಿದಳು.

ಅಂಗಡಿಯಲ್ಲಿ ಇದನ್ನೆಲ್ಲ ಬಿಡಿಸಿ ಹೇಳಿದ ಮೇಲೆ ಮಲ್ಲಪ್ಪ ಬೆಂಚಿನಿಂದಲೇ, "ಅಲ್ಲೋ ಗೇಜಪ್ಪ, ತಾರೀಖಿನ ಪ್ರಕಾರ ನೀ ಸರಿನೇ ಮಾಡೀದಿ. ಅಕಿ ಮರುದಿನದ ಪುಟಾನೂ ನೋಡ್ಕೋಬೇಕಿತ್ತು. ನಿಂದೇನ್ ಗಲತ್ ಅದ ಇದ್ರಾಗ?" ಅಂದ.

"ನಾ ತಾರೀಖಿಗಿ ನೀರು ಕೊಡಬೇಕಾಗಿಲ್ಲ ಮಲ್ಲಪ್ಪ. ನಿಂಗಮ್ಮಗ ಕೊಡಬೇಕು. ತಂಗಿ, ಸ್ಟೋರ್ ತಗಿ. ಇದು ವಾಪಸ್ ಆಗಬೇಕು."

ತೆಗೆದೆ. ಹಂಚುವುದನ್ನು ನಿಲ್ಲಿಸುವ ಒಂದು ಗುಂಡಿ ಇತ್ತು, ಒತ್ತಿದರು. ಹೊಸದಾಗಿ ಯಾರ ಫೋನಿಗೂ ಆ ಅಪ್‌ಡೇಟ್ ಹೋಗುವುದು ನಿಂತಿತು. ಅವರು ನಿಟ್ಟುಸಿರು ಬಿಟ್ಟರು. ಆಮೇಲೆ ನಾನು ಕೆಳಗಿನ ಸಾಲು ಓದಿ ಹೇಳಬೇಕಾಯಿತು. ಈಗಾಗಲೇ ತೆಗೆದುಕೊಂಡ ಫೋನುಗಳಲ್ಲಿ ಅದು ಇದ್ದೇ ಇರುತ್ತದೆ. ಹಳೆಯದನ್ನು ಹಳೆಯ ನಂಬರಿನಲ್ಲೇ ಮತ್ತೆ ಹಾಕಲಾಗದು. ಹೊಸ ನಂಬರು ಕೊಟ್ಟು ಹಾಕಬೇಕು, ಸ್ಟೋರಿನವರು ಪರೀಕ್ಷೆ ಮಾಡಿ ಬಿಡಬೇಕು. ಹೋದ ಸಲ ಕೆಲವೇ ತಾಸಿನಲ್ಲಿ ಬಿಟ್ಟಿದ್ದರು, ಈ ಸಲ ಎರಡು ದಿನ ಹಿಡಿಯಬಹುದು.

"ಎರಡು ದಿನ ಅಂದ್ರ ಎರಡು ರಾತ್ರಿ" ಅಂದರು ಗೇಜಪ್ಪ. "ಅಷ್ಟರಾಗ ಎಷ್ಟು ಮಂದಿ ಮಕ್ಕೊಂಡು ಬಿಡ್ತಾರ."

ಹಳೆಯ ಆ್ಯಪಿಗೇ ಹೊಸ ನಂಬರು ಹಾಕಿ ಕಳಿಸುವಾಗ, ಏನು ಬದಲಾಗಿದೆ ಎಂದು ಬರೆಯುವ ಜಾಗ ಬಂತು. "'ಸಣ್ಣ ದೋಷ ಸರಿಪಡಿಸಲಾಗಿದೆ' ಅಂತ ಎಲ್ಲಾರೂ ಬರೀತಾರ ಕಾಕಾ, ಹಂಗೇ ಹಾಕ್ಲಿ?" ಅಂದೆ.

"ಸಣ್ಣದು ಅಂತ ನಿಂಗಮ್ಮನ್ನ ಕೇಳೀದೇನು?" ಅಂದರು. ಅವರು ಹೇಳಿ ಬರೆಸಿದ್ದು ಇಷ್ಟು. 'ಹೋದ ಸಲದ್ದು ನನ್ನ ತಪ್ಪು. ಮೊದಲಿನ ಹಾಗೆ ಮಾಡಿದ್ದೇನೆ. ರಾತ್ರಿ ಪಾಳಿ ಇದ್ದವರು ನನಗೆ ಫೋನ್ ಮಾಡಿ ಕೇಳಿರಿ. ಹಣಮಂತಪ್ಪ.'

ಆಮೇಲೆ ಪಾಳಿಪಟ್ಟಿ ಹರವಿಕೊಂಡು ಆ ಎರಡು ರಾತ್ರಿಯ ಹೆಸರುಗಳಿಗೆ ಒಂದೊಂದಾಗಿ ಫೋನ್ ಹಚ್ಚಿದರು. "ನಾ ಗೇಜಪ್ಪ. ಆ್ಯಪ್ ನೋಡಬ್ಯಾಡ್ರಿ, ನನ್ನ ಮಾತು ಕೇಳ್ರಿ." ಕೆಲವರು ನಕ್ಕರು, ಕೆಲವರು ಬೈದರು. ಒಬ್ಬ, "ಮಂದಿ ಫೋನ್ ಮಾಡ್ಲಿ ಅಂತ ಬೇಕಂತ ಕೆಡಿಸೀದೇನೋ ಮುದುಕಾ?" ಅಂದದ್ದು ಅಂಗಡಿಗೆಲ್ಲ ಕೇಳಿಸಿತು. ಗೇಜಪ್ಪ ಅವನಿಗೂ ಪಾಳಿಯ ಹೊತ್ತನ್ನು ಎರಡು ಸಲ ಹೇಳಿ, ಹೌದೆನ್ನಿಸಿಕೊಂಡೇ ಇಟ್ಟರು.

ಕೆಂಭಾವಿಯ ಸಾಬಣ್ಣ ಒಬ್ಬ ಎತ್ತಲಿಲ್ಲ. ಹತ್ತು ಸಲ ಹಚ್ಚಿದರೂ ಎತ್ತಲಿಲ್ಲ. ಅವನ ಪಾಳಿ ಆ ರಾತ್ರಿಯೇ ಎರಡಕ್ಕೆ. "ಇವತ್ತು ಕೆಂಭಾವಿ ಸಂತಿ ಅದ, ಅಲ್ಲೇ ಇರ್ತಾನ" ಅಂದ ಮಲ್ಲಪ್ಪ. ನಾನು ಅಂಗಡಿಯ ಬಾಗಿಲು ಎಳೆದು ಸ್ಕೂಟಿ ತೆಗೆದೆ. ನಿಂಗಮ್ಮನ ಹೊಲವೂ ಅದೇ ದಾರಿ.

ಹೊರಡುವ ಮೊದಲು ಗೇಜಪ್ಪ ಮಲ್ಲಪ್ಪನ ಮುಂದೆ ನಿಂತರು. ಮಲ್ಲಪ್ಪನ ಪಾಳಿ ಅವತ್ತೇ ಇಳಿಹೊತ್ತಿಗೆ, ನಿಂಗಮ್ಮನ ಹೊಲಕ್ಕೆ ಹೋಗುವ ಅದೇ ಕಾಲುವೆಯ ಮೇಲಿನ ತೂಬಿಗೆ. "ಎರಡು ತಾಸು ಬಿಟ್ಟುಕೊಡು. ಅಕಿ ಮೆಣಸಿನ ಗಿಡ ಹೂವಿಗಿ ಬಂದಾವ. ಮುಂದಿನ ಪಾಳಿಗಿ ಎಂಟು ದಿನ."

"ನನ್ನ ಗಿಡ ಏನು ಕಲ್ಲೇನೋ?" ಅಂದ ಮಲ್ಲಪ್ಪ. "ನೀ ಮಾಡಿದ ತಪ್ಪಿಗಿ ನಾ ಯಾಕ ನೀರು ಕೊಡ್ಲಿ?"

ಗೇಜಪ್ಪ ತಲೆಯಾಡಿಸಿದರು. ಆ ಮಾತು ನ್ಯಾಯವಾದದ್ದೇ ಅನ್ನುವ ಹಾಗೆ.

ಸುರಪುರದ ಮೇಲೆ ಹಾದು ಕೆಂಭಾವಿ ಮುಟ್ಟುವಾಗ ಸಂತೆ ತುಂಬಿತ್ತು. ಉಳ್ಳಾಗಡ್ಡಿ ರಾಶಿ, ಹಗ್ಗದ ಸುರುಳಿ, ಬಿದಿರ ಬುಟ್ಟಿ, ಕೂಗಾಟ. "ಸಾಬಣ್ಣ ನೋಡಾಕ ಹೆಂಗದಾನ ಕಾಕಾ?" ಅಂದೆ.

"ನೋಡಿಲ್ಲ."

"ಅಂದ್ರ?"

"ಐದು ವರ್ಷದಿಂದ ಮಾತಾಡೀನಿ. ಮಗನ ಲಗ್ನದ ಸೀರಿಗಿ ಬಣ್ಣ ಯಾವ್ದು ಅಂತ ನನ್ನೇ ಕೇಳಿದ್ದ. ಮಾರಿ ನೋಡಿಲ್ಲ."

ಸಂತೆಯ ನಡುವೆ ಅವರು ಕಣ್ಣು ಮುಚ್ಚಿ ನಿಂತುಬಿಟ್ಟರು. ಜನ ತಳ್ಳಿಕೊಂಡು ಹೋಗುತ್ತಿದ್ದರು. ನಾನು ಒಂದು ಕೈ ಅಡ್ಡ ಹಿಡಿದು ನಿಂತೆ. ಹಾಗೇ ನಾಲ್ಕು ಹೆಜ್ಜೆ, ಮತ್ತೆ ನಿಲ್ಲುವುದು, ಮತ್ತೆ ನಾಲ್ಕು ಹೆಜ್ಜೆ. ಹಗ್ಗದವರ ಸಾಲಿನಲ್ಲಿ ಯಾರೋ ಮೂಗಿನ ದನಿಯಲ್ಲಿ ಜೋರಾಗಿ ಚೌಕಾಸಿ ಮಾಡುತ್ತಿದ್ದರು. ಗೇಜಪ್ಪ ಕಣ್ಣು ತೆರೆದು ನೇರ ಹೋಗಿ ಆ ಕುಳ್ಳ ಮನುಷ್ಯನ ಹೆಗಲು ಹಿಡಿದರು.

"ಸಾಬಣ್ಣ. ನಿನ್ನ ಪಾಳಿ ಇವತ್ತು ರಾತ್ರಿ ಎರಡಕ್ಕ. ನಾಳಿ ಅಲ್ಲ."

ಆ ಮನುಷ್ಯ ಬಾಯಿ ತೆರೆದು ನೋಡಿದ. "ಗೇಜಪ್ಪಣ್ಣನ ದನಿ ಇದು! ಇಷ್ಟು ಸಣ್ಣಾಂವ ಅದೀಯೇನೋ? ನಾ ದೊಡ್ಡ ಆಳು ಅನ್ಕೊಂಡಿದ್ದೆ" ಅಂದ. ಫೋನ್ ಮನೆಯಲ್ಲಿ ಬಿಟ್ಟು ಬಂದಿದ್ದನಂತೆ. ಚಹಾ ಕುಡಿಯಲು ಎಳೆದ. ಗೇಜಪ್ಪ ಒಲ್ಲೆ ಅಂದರು, ಆದರೆ ಅವನ ಮುಖ ನೋಡುತ್ತ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತರು.

ನಿಂಗಮ್ಮನ ಹೊಲ ಕಾಲುವೆಯ ಕೊನೆಗೆ. ಎರಡೆಕರೆ ಮೆಣಸಿನಕಾಯಿ. ಐವತ್ತರ ಹೆಂಗಸು, ತಲೆಗೆ ಟವೆಲು ಸುತ್ತಿ ಬದುವಿನ ಮೇಲೆ ಕೂತಿದ್ದಳು. ಮಣ್ಣು ಬಿರುಕು ಬಿಟ್ಟಿತ್ತು. ಗೇಜಪ್ಪ ಕೈ ಮುಗಿದರು.

"ಕೈ ಯಾಕ ಮುಗೀತೀರಿ ಬಿಡ್ರಿ" ಅಂದಳು ಅವಳು. ಸಿಟ್ಟು ಇತ್ತು, ಆದರೆ ಅದರ ಕೆಳಗೆ ಬೇರೆ ಏನೋ ಇತ್ತು. "ನಾಕು ದಿನಕ್ಕ ಹೂ ಉದುರ್ತಾವ. ಅದಿರಲಿ. ಮೊದ್ಲು ನಾ ಫೋನ್ ಮಾಡಿದ್ರ, 'ನೆನಪಿಟ್ಟೀಯಿಲ್ಲೋ, ಏಳ್ತೀಯಿಲ್ಲೋ' ಅಂತ ನೀವ ಸಂಜಿಕಿ ತಿರುಗಿ ಹಚ್ತಿದ್ರಿ. ಆ ಆ್ಯಪಿನ ಡಬ್ಬಿ ಬಂದಿಂದ ಅದೂ ಬಿಟ್ರಿ. ನಾ ಏನ್ ಅನ್ಕೊಂಡೆ, ದೊಡ್ಡವರಾದ್ರು, ಇನ್ನ ನಮ್ಮಂಥವರ ಸಂಗಾಟ ಏನ್ ಮಾತು ಅಂತ."

ಗೇಜಪ್ಪ ಬದುವಿನ ಮೇಲೆ ಅವಳ ಪಕ್ಕಕ್ಕೆ ಕೂತರು. "ಇಲ್ಲವ್ವಾ" ಅಂದರು. "ನಿಮಗೇ ನನ್ನ ಕೂಡ ಮಾತಾಡೂದು ಬ್ಯಾಸರಾಗೈತಿ ಅನ್ಕೊಂಡಿದ್ದೆ."

ನಾನು ಸ್ಕೂಟಿಯ ಕಡೆ ಹೋಗಿ ನಿಂತೆ.

ಇಳಿಹೊತ್ತಿಗೆ ಕಾಲುವೆಯಲ್ಲಿ ನೀರು ಬಂತು. ಮಲ್ಲಪ್ಪ ಮೇಲಿನ ತೂಬಿನಿಂದಲೇ, "ಒಂದು ತಾಸು ಅಷ್ಟೇ ಬಿಟ್ಟೀನಿ! ಗೇಜಪ್ಪಗಲ್ಲ, ಅಕಿಗಿ!" ಎಂದು ಒದರಿದ. ಒಂದು ತಾಸಿನಲ್ಲಿ ಅರ್ಧ ಹೊಲ ನೆನೆಯಿತು. ಉಳಿದರ್ಧದ ಹೂ ಅವಳು ಹೇಳಿದಂತೆ ಉದುರಿದವು.

ಶನಿವಾರ ಸ್ಟೋರಿನವರು ಹಳೆಯ ಆ್ಯಪನ್ನು ಹೊಸ ನಂಬರಿನಲ್ಲಿ ಬಿಟ್ಟರು. ಪುಟಗಳು ಮತ್ತೆ ಸೂರ್ಯನ ಜೊತೆಗೆ ಮಗುಚತೊಡಗಿದವು. ಯಾದಗಿರಿಯವರ ಒಂದು ಚುಕ್ಕಿ ಹಾಗೇ ಇತ್ತು. ಎಂಟು ಸಾಲಿನ ಜವಾಬಿಗೆ ಅವರು ಏನೂ ಬರೆಯಲಿಲ್ಲ.

ಅಂದಿನಿಂದ ಗೇಜಪ್ಪ, ಆ್ಯಪ್ ಸರಿ ಇದ್ದರೂ, ರಾತ್ರಿ ಪಾಳಿ ಇದ್ದವರಿಗೆಲ್ಲ ಸಂಜೆ ಆರಕ್ಕೆ ಫೋನ್ ಮಾಡುವುದು ಹಿಡಿದರು. ಹೆಚ್ಚಿನವರು "ನೋಡೀನ್ರಿ, ನೋಡೀನ್ರಿ" ಅಂತ ಇಡುವರು. ನಿಂಗಮ್ಮ ಇಡುತ್ತಿರಲಿಲ್ಲ. "ಆ್ಯಪ್ ಹೇಳ್ತದಲ್ಲ ಕಾಕಾ" ಅಂತ ಒಮ್ಮೆ ನಾನು ಅಂದೆ.

"ಅದು ಹೇಳ್ತೈತಿ ತಂಗಿ" ಅಂದರು. "ನಾ ಕೇಳ್ತೀನಿ."

ಮರುವರ್ಷ ಹಿಂಗಾರಿಯಲ್ಲಿ ಒಂದು ಮುಂಜಾನೆ ನಾನು ಬಾಗಿಲು ಎತ್ತುವಾಗಲೇ ನಿಂಗಮ್ಮ ಕಟ್ಟೆಯ ಮೇಲೆ ಕೂತಿದ್ದಳು. ಮೊದಲನೇ ಬಸ್ಸಿಗೆ ಬಂದಿದ್ದಳು. ರಾತ್ರಿ ನೀರು ಹಾಯಿಸಿದವರ ಕಾಲಿಗೆ ಇರುವ ಒಣಗಿದ ಕೆಸರು ಅವಳ ಕಾಲಿಗಿರಲಿಲ್ಲ.

"ನಿನ್ನಿ ಸಂಜಿಕಿ ಗೇಜಪ್ಪಣ್ಣನ ಫೋನ್ ಬರಲಿಲ್ಲ" ಅಂದಳು. "ನಾ ಹಚ್ಚಿದ್ರ ಎತ್ತಲಿಲ್ಲ. ಮನಿ ತೋರಿಸ್ರಿ."

ಇಬ್ಬರೂ ಹಿಂದಿನ ಓಣಿಗೆ ಹೋದೆವು. ಬಾಗಿಲು ಒಳಗಿನಿಂದ ಹಾಕಿತ್ತು. ಓಣಿಯವರು ಬಂದು ಚಿಲಕ ಮುರಿದರು. ಅವರು ಚಾಪೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಹಿಂದಿನ ದಿನ ಮಧ್ಯಾಹ್ನವೇ ಹೋಗಿರಬೇಕು ಎಂದರು ಡಾಕ್ಟರು.

ಸಾಬಣ್ಣ ಬಂದ, ಮಲ್ಲಪ್ಪ ಬಂದ, ಕಾಲುವೆಯ ಮೇಲಿನ ಸುಮಾರು ಮಂದಿ ಬಂದರು. ಹಿಂದಿನ ರಾತ್ರಿ ಪಾಳಿ ಇದ್ದವರೆಲ್ಲ ಆ್ಯಪ್ ನೋಡಿ ನೀರು ಹಾಯಿಸಿಕೊಂಡಿದ್ದರು. ನಿಂಗಮ್ಮ ಒಬ್ಬಳೇ ಆ್ಯಪ್ ತೆರೆಯದೆ ಫೋನಿಗಾಗಿ ಕಾಯುತ್ತ ಕೂತಿದ್ದಳು, ಅವಳ ಪಾಳಿಯ ನೀರು ಹಳ್ಳಕ್ಕೆ ಹೋಗಿತ್ತು. ಆ ಮಾತನ್ನು ಅವಳು ಯಾರ ಮುಂದೆಯೂ ಎತ್ತಲಿಲ್ಲ, ನನಗೆ ಸೌಡಿಯಿಂದ ಆಮೇಲೆ ತಿಳಿಯಿತು. ಮಣ್ಣು ಕೊಟ್ಟು ಬಂದ ಮೇಲೆ ಅವಳು ನಮ್ಮ ನಳದಲ್ಲಿ ಕೈಕಾಲು ತೊಳೆದುಕೊಂಡು, ಕೆಂಭಾವಿಯ ಬಸ್ ಹತ್ತಿ ಹೋದಳು.